ಬೇಲಿ

ಹೊಲ, ತೋಟ, ಹಿತ್ತಲು, ಊರು ಅಥವಾ ಕಾಡಿನ ಅಂಚಿನಲ್ಲಿ ಒಳಗಿರುವುದನ್ನು ಕಾಯಲು, ಹೊರಗಿನದನ್ನು ತಡೆಯಲು ಕಟ್ಟುವ, ನೆಡುವ ಅಥವಾ ತೋಡುವ ಆವರಣಕ್ಕೆ ಬೇಲಿ ಎಂದು ಹೆಸರು. ಗೋಡೆ ಗಾಳಿ, ಬೆಳಕು, ಕಣ್ಣು ಎಲ್ಲವನ್ನೂ ತಡೆಯುತ್ತದೆ. ಬೇಲಿ ಕೆಲವನ್ನು ತಡೆದು ಕೆಲವನ್ನು ಬಿಡುತ್ತದೆ. ದನ ನುಗ್ಗಬಾರದು, ಗಾಳಿ ಆಡಬೇಕು. ಹಂದಿ ತೂರಬಾರದು, ಮಳೆನೀರು ಹರಿದು ಹೋಗಬೇಕು. ಕಳ್ಳ ದಾಟಬಾರದು, ನೆರೆಮನೆಯವರು ಬಂದು ಹೋಗುತ್ತಿರಬೇಕು. ಬೇಲಿಯ ಸಾಮಗ್ರಿ, ಎತ್ತರ, ಸಂದು, ಬಾಗಿಲು ಎಲ್ಲವೂ ಯಾವುದನ್ನು ತಡೆಯಬೇಕು, ಯಾವುದನ್ನು ಬಿಡಬೇಕು ಎಂಬುದರ ಮೇಲೆ ನಿಂತಿವೆ. ಇವೆರಡರಲ್ಲಿ ಒಂದನ್ನು ಮರೆತು ಹಾಕಿದ ಬೇಲಿ ಬಹುಕಾಲ ನಿಂತದ್ದಿಲ್ಲ.

ಪದ

ಬೇಲಿ ದ್ರಾವಿಡ ಮೂಲದ ಪದ. ತಮಿಳು, ಮಲಯಾಳಗಳಲ್ಲಿ ಇದರ ರೂಪ ‘ವೇಲಿ’. ಪದದ ಮೊದಲಿನ ವಕಾರ ಕನ್ನಡದಲ್ಲಿ ಬಕಾರವಾಗುವ ನಿಯಮದಂತೆ ನಮ್ಮಲ್ಲಿ ‘ಬೇಲಿ’ ಆಯಿತು. ತಮಿಳುನಾಡಿನ ಕಾವೇರಿ ಬಯಲಿನಲ್ಲಿ ‘ವೇಲಿ’ ಎಂಬುದು ಗದ್ದೆಯ ಅಳತೆಯೂ ಹೌದು. ಸುತ್ತುಗಟ್ಟಿದ ನೆಲ ಎಂಬ ಅರ್ಥ ಕ್ರಮೇಣ ಇಷ್ಟು ನೆಲ ಎಂಬ ಲೆಕ್ಕಕ್ಕೆ ತಿರುಗಿದಂತಿದೆ. ಕನ್ನಡದಲ್ಲಿ ಮುಳ್ಳುಬೇಲಿ, ಒಣಬೇಲಿ, ಹಸಿರುಬೇಲಿ, ತಂತಿಬೇಲಿ ಎಂಬ ಸಮಾಸಗಳು ಬಳಕೆಯಲ್ಲಿವೆ. ಕರಾವಳಿಯಲ್ಲಿ ಕಲ್ಲು ಅಥವಾ ಮಣ್ಣಿನ ಸುತ್ತುಗೋಡೆಗೆ ಪಾಗಾರ ಎನ್ನುತ್ತಾರೆ. ಪಟ್ಟಣಗಳಲ್ಲಿ ಕಾಂಪೌಂಡ್ ಎಂಬ ಮಾತೇ ನಿಂತಿದೆ.

ಒಣಬೇಲಿ

ಬಯಲುಸೀಮೆಯಲ್ಲಿ ಬಹಳ ಹಳೆಯದೂ ಅಗ್ಗದ್ದೂ ಆದ ಬೇಲಿ ಮುಳ್ಳಿನದು. ಕರಿಜಾಲಿ, ಬೋರೆ, ಈಚೆಗೆ ಬಳ್ಳಾರಿ ಜಾಲಿ ಇದಕ್ಕೆ ಒದಗುತ್ತವೆ. ಬಿತ್ತನೆಯಾಗಿ ಪೈರು ಮೇಲೆದ್ದ ಹೊತ್ತಿಗೆ ರೈತರು ಕೊಂಬೆಗಳನ್ನು ಕಡಿದು, ಬುಡ ಹಿಡಿದು ಎಳೆದು ತಂದು ಹೊಲದ ಅಂಚಿಗೆ ಹಾಕುತ್ತಾರೆ. ಕೊಂಬೆಯ ಬುಡ ಹೊಲದ ಕಡೆಗೆ, ಮುಳ್ಳಿನ ತಲೆ ದಾರಿಯ ಕಡೆಗೆ ಬರಬೇಕು. ಪ್ರತಿ ಕೊಂಬೆಯೂ ಹಿಂದಿನದರ ಅರ್ಧವನ್ನು ಮುಚ್ಚಬೇಕು. ಕೈಯಿಂದ ಮುಟ್ಟಲಾಗದ ಈ ರಾಶಿಯನ್ನು ಎತ್ತಲು, ಸರಿಸಲು, ಅದುಮಲು ಕವೆಗೋಲೊಂದೇ ಸಾಧನ. ಕವೆಯಿಂದ ಒತ್ತಿದಷ್ಟೂ ಮುಳ್ಳು ಮುಳ್ಳಿಗೆ ಸಿಕ್ಕಿಕೊಂಡು ಬೇಲಿ ಬಿಗಿಯಾಗುತ್ತದೆ. ಹಗ್ಗವಾಗಲಿ ಮೊಳೆಯಾಗಲಿ ಬೇಕಿಲ್ಲ.

ಈ ಬೇಲಿಯ ಆಯುಸ್ಸು ಒಂದೆರಡು ವರ್ಷ. ಗೆದ್ದಲು ಬುಡದಿಂದ ತಿನ್ನುತ್ತಾ ಬರುತ್ತದೆ, ಬಿಸಿಲಿಗೆ ಒಣಗಿ ಕೊಂಬೆ ಮುರಿಯುತ್ತದೆ. ಆದರೆ ಇದನ್ನು ಕೊರತೆ ಎನ್ನಲಾಗದು. ಸುಗ್ಗಿ ಮುಗಿದ ಮೇಲೆ ಕಾಯಲು ಏನೂ ಉಳಿದಿರುವುದಿಲ್ಲ. ಹೊಲ ಬಯಲಾಗುತ್ತದೆ, ಊರ ದನಕರು ಕೂಳೆ ಮೇಯಲು ಬರುತ್ತವೆ, ಹೊಲಕ್ಕೆ ಗೊಬ್ಬರ ಬೀಳುತ್ತದೆ, ಬೇಲಿ ಒಲೆಗೆ ಸೌದೆಯಾಗುತ್ತದೆ. ಬೆಳೆಯಿರುವ ತಿಂಗಳುಗಳಲ್ಲಿ ನೆಲ ಒಬ್ಬನದು, ಉಳಿದ ತಿಂಗಳುಗಳಲ್ಲಿ ಊರಿನದು ಎಂಬ ಒಪ್ಪಂದವನ್ನು ಈ ಬೇಲಿ ಬರವಣಿಗೆಯಿಲ್ಲದೆ ನಡೆಸಿಕೊಂಡು ಬಂದಿದೆ.

ಮಲೆನಾಡಿನಲ್ಲಿ ಒಣಬೇಲಿಗೆ ಬಿದಿರೇ ಮೊದಲ ಆಯ್ಕೆ. ಗೂಟ ನೆಟ್ಟು, ಸೀಳಿದ ಬಿದಿರಿನ ದಬ್ಬೆಗಳನ್ನು ಅಡ್ಡಕ್ಕೆ ಇಟ್ಟು, ಬಳ್ಳಿಯಿಂದ ಕಟ್ಟುತ್ತಾರೆ. ಅಡಕೆ ಸೀಮೆಯಲ್ಲಿ ಬಿದ್ದ ಅಡಕೆ ಮರವನ್ನು ಸೀಳಿದ ದಬ್ಬೆಯೂ ಆಗುತ್ತದೆ. ಹಿತ್ತಲಿನ ತರಕಾರಿ ಮಡಿಗೆ ಕೋಳಿ ಬಾರದಂತೆ ತೆಂಗಿನ ಗರಿಯ ತಟ್ಟಿ ಕಟ್ಟುವುದು ಕರಾವಳಿಯ ರೂಢಿ. ಕೋಳಿಯನ್ನು ತಡೆಯಲು ಸಂದು ಕಿರಿದಾಗಿರಬೇಕು, ಬಲ ಬೇಕಿಲ್ಲ. ಎಮ್ಮೆಯನ್ನು ತಡೆಯಲು ಬಲ ಬೇಕು, ಸಂದು ಅಗಲವಾಗಿದ್ದರೂ ನಡೆದೀತು. ಆಡಿಗೆ ಎರಡೂ ಬೇಕು.

ಹಸಿರುಬೇಲಿ

ಬೇರುಬಿಟ್ಟು ಬೆಳೆಯುವ ಗಿಡಗಳ ಸಾಲೇ ಹಸಿರುಬೇಲಿ. ನೆಟ್ಟ ವರ್ಷ ಇದು ದುರ್ಬಲ. ಹತ್ತು ವರ್ಷ ಕಳೆದ ಮೇಲೆ ಇದರಷ್ಟು ಗಟ್ಟಿಯಾದದ್ದು ಇಲ್ಲ. ಇದಕ್ಕೆ ಆರಿಸುವ ಗಿಡದಲ್ಲಿ ಮೂರು ಗುಣ ನೋಡುತ್ತಾರೆ: ತುಂಡಿನಿಂದ ಚಿಗುರಬೇಕು, ದನ ತಿನ್ನಬಾರದು, ಕಡಿದಷ್ಟೂ ದಟ್ಟವಾಗಬೇಕು.

ಕೋಲಾರ, ತುಮಕೂರು, ಚಿತ್ರದುರ್ಗ ಸೀಮೆಯ ಒಣನೆಲದಲ್ಲಿ ಕತ್ತಾಳೆ ಹೆಚ್ಚು. ಮೆಕ್ಸಿಕೊ ಕಡೆಯಿಂದ ಬಂದ ಈ ಗಿಡದ ಪಟ್ಟೆಗಳ ತುದಿಯಲ್ಲಿ ಸೂಜಿಯಂಥ ಮುಳ್ಳಿರುತ್ತದೆ. ಹಲವು ವರ್ಷ ಬಾಳಿ ಒಮ್ಮೆ ಮಾತ್ರ ಹೂಬಿಟ್ಟು ಸಾಯುತ್ತದೆ. ಸಾಯುವ ಮೊದಲೇ ಬುಡದಲ್ಲಿ ಮರಿಗಳನ್ನು ಇಟ್ಟಿರುವುದರಿಂದ ಸಾಲು ಬರಿದಾಗುವುದಿಲ್ಲ. ಪಟ್ಟೆಯನ್ನು ಕೊಳೆಹಾಕಿ, ಬಡಿದು ತೆಗೆದ ನಾರಿನಿಂದ ಹಗ್ಗ ಹೊಸೆಯುತ್ತಿದ್ದರು. ಬೇಲಿಯಿಂದ ಹೊರಗೆ ಉಳಿದ ಎತ್ತನ್ನು ಕಟ್ಟಲು ಹಗ್ಗ ಕೊಟ್ಟದ್ದೂ ಅದೇ ಬೇಲಿ.

ಕಳ್ಳಿಗಳಲ್ಲಿ ಹಾಲು ಸುರಿಸುವ ಜಾತಿಗಳು ಬೇಲಿಗೆ ಹೇಳಿ ಮಾಡಿಸಿದವು. ಹಾಲು ಕಣ್ಣಿಗೆ ಬಿದ್ದರೆ ಅಪಾಯವೆಂದು ದನವಿರಲಿ, ಜನವೂ ದೂರ ಸರಿಯುತ್ತಾರೆ. ಮರಹರಳಿನ ಗಿಡವನ್ನೂ ದನ ಮೂಸುವುದಿಲ್ಲ. ಲಕ್ಕಿ ಮತ್ತು ಆಡುಸೋಗೆ ಬೇಲಿಯೂ ಹೌದು, ಮನೆಮದ್ದೂ ಹೌದು. ಶೀತವಾದಾಗ ಲಕ್ಕಿ ಸೊಪ್ಪಿನ ಹಬೆ, ಕೆಮ್ಮಿಗೆ ಆಡುಸೋಗೆಯ ಕಷಾಯ. ಮದರಂಗಿ, ದಾಸವಾಳಗಳ ಬೇಲಿ ಮನೆಯಂಗಳಕ್ಕೆ ಒಪ್ಪುತ್ತದೆ. ಅದರ ಎಲೆ ಕೈಗೆ, ಹೂವು ದೇವರಿಗೆ.

ಕರಾವಳಿ ಮತ್ತು ಮಲೆನಾಡಿನಲ್ಲಿ ಗ್ಲಿರಿಸಿಡಿಯಾ ಗಿಡಕ್ಕೆ ಗೊಬ್ಬರದ ಗಿಡ ಎಂದೇ ಹೆಸರು. ಮಧ್ಯ ಅಮೆರಿಕ ಮೂಲದ ಇದು ದ್ವಿದಳ ಜಾತಿಗೆ ಸೇರಿದ್ದು, ಬೇರಿನ ಗಂಟುಗಳಲ್ಲಿ ಸಾರಜನಕವನ್ನು ಹಿಡಿದಿಡುತ್ತದೆ. ಮೊದಲ ಮಳೆ ಬಿದ್ದೊಡನೆ, ತೋಳು ದಪ್ಪದ ಬಲಿತ ಕೊಂಬೆಯನ್ನು ಆಳೆತ್ತರಕ್ಕೆ ಕತ್ತರಿಸುತ್ತಾರೆ. ಕತ್ತಿಯ ಏಟು ಒಂದೇ ಆಗಬೇಕು. ಬುಡದ ಸಿಪ್ಪೆ ಸೀಳಿದರೆ ಅಲ್ಲಿಂದ ಕೊಳೆಯುತ್ತದೆ, ಬೇರು ಬರುವುದಿಲ್ಲ. ಮೇಲ್ತುದಿಯನ್ನು ಓರೆಯಾಗಿ ಕಡಿದರೆ ಮಳೆನೀರು ನಿಲ್ಲದೆ ಜಾರುತ್ತದೆ. ಹಾರೆಯಿಂದ ಗುಂಡಿ ಮಾಡಿ, ಗೂಟ ಇಳಿಸಿ, ಸುತ್ತ ಮಣ್ಣು ತುಳಿದು ಬಿಗಿಮಾಡುತ್ತಾರೆ. ಕೆಲವೇ ವಾರಗಳಲ್ಲಿ ಚಿಗುರು ಕಾಣುತ್ತದೆ. ಮುಂದೆ ಪ್ರತಿವರ್ಷ ಸವರಿದ ಸೊಪ್ಪು ತೆಂಗು, ಅಡಕೆಯ ಬುಡಕ್ಕೆ ಗೊಬ್ಬರ. ಹಾಲುವಾಣವನ್ನೂ ಹೀಗೆಯೇ ಗೂಟದಿಂದ ಬೆಳೆಸುತ್ತಾರೆ. ಅದು ಮೆಣಸಿನ ಬಳ್ಳಿಗೆ ಆಸರೆಯೂ ಆಗುತ್ತದೆ.

ಹಸಿರುಬೇಲಿ ತಾನೇ ಒಂದು ಸಣ್ಣ ಕಾಡು. ಸೊಪ್ಪು ಆಯುವ ಹೆಂಗಸರಿಗೆ ಹೊಲದಷ್ಟೇ ಬೇಲಿಸಾಲೂ ಮುಖ್ಯ. ಕಾಡುಹಾಗಲ, ತೊಂಡೆಯ ಬಳ್ಳಿ ಹಬ್ಬುವುದು ಇಲ್ಲಿ. ಕೆಂಬೂತ, ಪಿಕಳಾರ, ಎಲೆ ಹೊಲಿಯುವ ಟುವ್ವಿ ಹಕ್ಕಿಗಳು ಇಲ್ಲಿ ಗೂಡುಕಟ್ಟುತ್ತವೆ. ಮುಂಗುಸಿ, ಓತಿಕ್ಯಾತ, ಜೇಡ, ಕಣಜಗಳೆಲ್ಲ ಇಲ್ಲಿದ್ದುಕೊಂಡೇ ಹೊಲದ ಹುಳು ಹೆಕ್ಕುತ್ತವೆ. ಹಸಿರುಬೇಲಿ ಕಿತ್ತು ತಂತಿ ಎಳೆದ ಕಡೆ ಒಂದೆರಡು ಅಡಿ ನೆಲ ಹೆಚ್ಚು ಸಿಗುವುದು ನಿಜ. ಅದರ ಜೊತೆಗೆ ಹೋದದ್ದನ್ನು ಯಾರೂ ಲೆಕ್ಕಕ್ಕೆ ಬರೆದುಕೊಳ್ಳುವುದಿಲ್ಲ.

ಬೇಲಿಯಲ್ಲಿ ಬೆಳೆದ ಗಿಡ ಬೇಲಿ ಬಿಟ್ಟು ನಡೆದ ಉದಾಹರಣೆಗಳೂ ಇವೆ. 1807ರಲ್ಲಿ ಕಲ್ಕತ್ತದ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವಾಗಿ ಬಂದ ಲಂಟಾನ ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ಕಾಡಿನ ನೆಲವನ್ನು ಮುಚ್ಚಿದೆ. ಅದರ ಹಣ್ಣು ತಿಂದ ಹಕ್ಕಿಗಳು ಬೀಜವನ್ನು ಹೊತ್ತೊಯ್ದವು. ಮಹದೇಶ್ವರ ಬೆಟ್ಟದ ಸೋಲಿಗರು ಅದೇ ಲಂಟಾನದ ಕಡ್ಡಿಯಿಂದ ಕುರ್ಚಿ, ಮೇಜು, ಬುಟ್ಟಿ ಮಾಡುವುದನ್ನು ಕಲಿತಿದ್ದಾರೆ. ಪಾಪಾಸುಕಳ್ಳಿಯ ಕಥೆ ಇನ್ನೂ ದೊಡ್ಡದು. 18ನೆಯ ಶತಮಾನದ ಕೊನೆಯಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೆಂಪು ಬಣ್ಣ ಕೊಡುವ ಕೊಚಿನೀಲ್ ಕೀಟವನ್ನು ಸಾಕುವ ಆಸೆಯಿಂದ ಈ ಕಳ್ಳಿಗಳನ್ನು ಬೆಳೆಸಿತು. 1795ರಲ್ಲಿ ತರಿಸಿದ ಕೀಟ ನಿಜವಾದ ಬಣ್ಣದ ಕೀಟವಾಗಿರಲಿಲ್ಲ. ಬಣ್ಣ ಸಿಗಲಿಲ್ಲ, ಆದರೆ ಆ ಕೀಟ ಒಂದು ಜಾತಿಯ ಕಳ್ಳಿಯನ್ನು ತಿಂದು ಮುಗಿಸಿತು. ಉಳಿದ ಇನ್ನೊಂದು ಜಾತಿ ದಕ್ಷಿಣ ಭಾರತದ ಹೊಲ, ಗೋಮಾಳಗಳನ್ನು ಆವರಿಸಿತು. 1926ರಲ್ಲಿ ಶ್ರೀಲಂಕಾದ ದಾರಿಯಾಗಿ ತಂದ ಮತ್ತೊಂದು ಕೊಚಿನೀಲ್ ಕೀಟ ಅದನ್ನು ಹತೋಟಿಗೆ ತಂದಿತು. ಕೀಟದಿಂದ ಕಳೆಯನ್ನು ನಿಯಂತ್ರಿಸಿದ ಆರಂಭದ ಉದಾಹರಣೆಗಳಲ್ಲಿ ಇವೆರಡನ್ನೂ ಜಗತ್ತು ನೆನೆಯುತ್ತದೆ.

ಕಲ್ಲು, ಮಣ್ಣು, ಅಗಳು

ಕಲ್ಲು ಹೇರಳವಾಗಿರುವ ಕಡೆ ಬೇಲಿಯೂ ಕಲ್ಲಿನದೇ. ಹೊಲ ಹಸನು ಮಾಡುವಾಗ ಎದ್ದ ಗುಂಡುಗಳನ್ನು ಅಂಚಿಗೆ ಪೇರಿಸಿದರೆ ಎರಡು ಕೆಲಸ ಒಮ್ಮೆಗೇ ಮುಗಿಯುತ್ತದೆ. ಗಾರೆಯಿಲ್ಲದ ಈ ಗೋಡೆ ಮಳೆನೀರನ್ನು ಸಂದುಗಳಿಂದ ಬಿಟ್ಟು ಮಣ್ಣನ್ನು ಹಿಡಿದಿಡುತ್ತದೆ. ಕಲಬುರಗಿ ಜಿಲ್ಲೆಯಲ್ಲಿ ಪದರು ಪದರಾಗಿ ಏಳುವ ಶಹಾಬಾದ್ ಕಲ್ಲಿನ ಚಪ್ಪಡಿಗಳನ್ನು ನಿಲ್ಲಿಸಿ ಸಾಲು ಮಾಡುತ್ತಾರೆ. ಹಳೆ ಮೈಸೂರಿನ ಕಡೆ ಕಣಶಿಲೆಯಲ್ಲಿ ಸಾಲಾಗಿ ಕುಳಿ ಹೊಡೆದು, ಉಳಿ ಇಟ್ಟು ಸೀಳಿದ ಉದ್ದ ಕಂಬಗಳು ಬಳಕೆಯಲ್ಲಿವೆ. ಕೋಲಾರದ ಕಡೆ ಇವಕ್ಕೆ ಕೂಚ ಎನ್ನುತ್ತಾರೆ. ಮರದ ಕಂಬವನ್ನು ಗೆದ್ದಲು ಬಿಡುವುದಿಲ್ಲ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಕಲ್ಲುಕಂಬ ಅಜ್ಜ ನೆಟ್ಟರೆ ಮೊಮ್ಮಗನಿಗೂ ಇರುತ್ತದೆ.

ಕರಾವಳಿಯ ಪಾಗಾರಕ್ಕೆ ಮುರಕಲ್ಲು. ನೆಲದಲ್ಲಿರುವಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವ ಈ ಕೆಂಪುಕಲ್ಲು ಕಡಿಯಲು ಸುಲಭ. ಮಣ್ಣಿನ ಪಾಗಾರವಾದರೆ ಮಳೆಗಾಲಕ್ಕೆ ಮುನ್ನ ಅದರ ಬೆನ್ನಿಗೆ ಹುಲ್ಲು ಅಥವಾ ತೆಂಗಿನ ಗರಿ ಹೊದಿಸುತ್ತಾರೆ. ಮಲೆನಾಡಿನ ತೋಟಗಳ ಸುತ್ತ ಅಗಳು ತೋಡುವುದು ಬಹು ಹಿಂದಿನ ಪದ್ಧತಿ. ಆಳವಾದ ಕಾಲುವೆ ತೋಡಿ, ಎತ್ತಿದ ಮಣ್ಣನ್ನು ತೋಟದ ಕಡೆಗೆ ಏರಿ ಹಾಕಿದರೆ ಅಗಳಿನ ಆಳಕ್ಕೆ ಏರಿಯ ಎತ್ತರವೂ ಸೇರುತ್ತದೆ. ಇದು ದನವನ್ನು ತಡೆಯುತ್ತದೆ, ಬೆಟ್ಟದ ನೀರನ್ನು ತೋಟಕ್ಕೆ ನುಗ್ಗದಂತೆ ಬದಿಗೆ ಒಯ್ಯುತ್ತದೆ.

ತಂತಿ

ಕಬ್ಬಿಣದ ತಂತಿ ಅಗ್ಗವಾದದ್ದು 19ನೆಯ ಶತಮಾನದಲ್ಲಿ. 1844ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನ ಚಾರ್ಲ್ಸ್ ಬರ್ನಾರ್ಡ್, ಬಟ್ಟೆಯ ಮಗ್ಗವನ್ನು ನೋಡಿ ತಂತಿಯ ಬಲೆ ನೇಯುವ ಯಂತ್ರ ಮಾಡಿದ. ಅದಕ್ಕಿಂತ ದೊಡ್ಡ ಬದಲಾವಣೆ ತಂದದ್ದು ಮುಳ್ಳುತಂತಿ. ಅಮೆರಿಕದ ಬಯಲುಗಳಲ್ಲಿ ಮರವಿಲ್ಲ, ಕಲ್ಲಿಲ್ಲ. ನಯವಾದ ತಂತಿಗೆ ದನ ಮೈ ಉಜ್ಜಿ ಕಂಬವನ್ನೇ ಬೀಳಿಸುತ್ತಿತ್ತು. ಹಲವರು ತಂತಿಗೆ ಮುಳ್ಳು ಕಟ್ಟಿ ನೋಡಿದರು, ಮುಳ್ಳುಗಳು ಜಾರಿ ಒಂದೆಡೆ ಸೇರುತ್ತಿದ್ದವು. ಇಲಿನಾಯ್ ರಾಜ್ಯದ ಡಿಕಾಲ್ಬ್ ಊರಿನ ರೈತ ಜೋಸೆಫ್ ಗ್ಲಿಡನ್ ಎರಡನೆಯ ತಂತಿಯೊಂದನ್ನು ಮೊದಲನೆಯದಕ್ಕೆ ಹೊಸೆದು ಮುಳ್ಳನ್ನು ನಡುವೆ ಕಚ್ಚಿಸಿದ. 1874ರ ನವೆಂಬರ್ 24ರಂದು ಅವನಿಗೆ ಅದರ ಪೇಟೆಂಟ್ ಸಿಕ್ಕಿತು. ಹೊಸೆದ ಜೋಡಿತಂತಿ ಚಳಿಗೆ ಕುಗ್ಗಿ, ಬಿಸಿಲಿಗೆ ಹಿಗ್ಗಿದರೂ ಕಡಿಯುತ್ತಿರಲಿಲ್ಲ. ಕೆಲವೇ ದಶಕಗಳಲ್ಲಿ ಅಲ್ಲಿನ ತೆರೆದ ಹುಲ್ಲುಗಾವಲು ತುಂಡುತುಂಡಾಯಿತು. ಹಿಂಡು ಹೊಡೆದುಕೊಂಡು ದೂರ ಸಾಗುತ್ತಿದ್ದ ದನಗಾಹಿಗಳ ಬದುಕು, ಮೂಲನಿವಾಸಿಗಳ ಅಲೆದಾಟದ ನೆಲ ಎರಡೂ ಮುಗಿದವು. ಒಂದನೆಯ ಮಹಾಯುದ್ಧದ ಕಂದಕಗಳ ಮುಂದೆ ಅದೇ ತಂತಿ ಮನುಷ್ಯರನ್ನು ತಡೆಯಲು ಬಂತು.

ನಮ್ಮಲ್ಲಿ ಇಂದು ಹೊಲದ ಬೇಲಿ ಎಂದರೆ ಹೆಚ್ಚಾಗಿ ಕಲ್ಲು ಅಥವಾ ಸಿಮೆಂಟ್ ಕಂಬ ಮತ್ತು ನಾಲ್ಕೈದು ಸಾಲು ಮುಳ್ಳುತಂತಿ. ಇದರ ಬಲವೆಲ್ಲ ಮೂಲೆಗಂಬದಲ್ಲಿದೆ. ತಂತಿಯ ಎಳೆತವನ್ನು ಹೊರುವುದು ಅದೇ ಆದ್ದರಿಂದ ಅದನ್ನು ಆಳವಾಗಿ ನೆಟ್ಟು, ಎರಡೂ ಕಡೆ ಓರೆಯಾಗಿ ಆನಿಕೆ ಕೊಡಬೇಕು. ನಡುವಿನ ಕಂಬಗಳು ತಂತಿಯನ್ನು ಎತ್ತಿ ಹಿಡಿದರೆ ಸಾಕು. ಕೆಳಗಿನ ಸಾಲುಗಳನ್ನು ಒತ್ತಾಗಿ, ಮೇಲಿನವನ್ನು ವಿರಳವಾಗಿ ಎಳೆಯುವುದು ಕುರಿ, ಆಡು, ನಾಯಿಗಳು ನುಸುಳದಿರಲೆಂದು. ತಂತಿಗೆ ಸತುವಿನ ಲೇಪ ಇದ್ದಷ್ಟು ದಿನ ತುಕ್ಕಿಲ್ಲ. ಕಡಲ ಉಪ್ಪುಗಾಳಿ ಬೀಸುವ ಕಡೆ ಲೇಪ ಬೇಗ ಹೋಗುತ್ತದೆ.

ದಾಟುದಾರಿ

ಬೇಲಿ ಹಾಕಿದವರು ಅದನ್ನು ದಾಟುವ ದಾರಿಯನ್ನೂ ಮಾಡಿರುತ್ತಾರೆ. ಮಲೆನಾಡು, ಕರಾವಳಿಗಳಲ್ಲಿ ಇದಕ್ಕೆ ಹಲವು ಹೆಸರುಗಳಿವೆ. ಮನುಷ್ಯ ಹತ್ತಿ ಇಳಿಯಬಲ್ಲ, ದನ ಹತ್ತಲಾರದ ಮೆಟ್ಟಿಲಿಗೆ ತಡಬೆ ಅಥವಾ ತಡಮೆ ಎನ್ನುತ್ತಾರೆ. ಉತ್ತರ ಕನ್ನಡದ ಕಡೆ ದಣಪೆ ಎಂಬ ಮಾತಿದೆ. ಗಾಡಿ, ದನ ಹಾಯಬೇಕಾದ ಕಡೆ ಉಣುಗೋಲು. ಎರಡು ಗಟ್ಟಿ ಕಂಬಗಳನ್ನು ಎದುರುಬದುರು ನೆಟ್ಟು, ಎರಡರಲ್ಲೂ ಮೂರು ನಾಲ್ಕು ತೂತು ಕೊರೆದು, ಬಿದಿರಿನ ಗಳುಗಳನ್ನು ಅಡ್ಡಕ್ಕೆ ತೂರಿಸಿರುತ್ತಾರೆ. ಗಳುವನ್ನು ಒಂದು ಕಡೆಗೆ ಸರಿಸಿದರೆ ಇನ್ನೊಂದು ತುದಿ ತೂತಿನಿಂದ ಕಳಚುತ್ತದೆ. ಆಳು ದಾಟಲು ಒಂದು ಗಳು ಸರಿಸಿದರೆ ಸಾಕು, ಗಾಡಿಗೆ ಎಲ್ಲವನ್ನೂ ತೆಗೆಯಬೇಕು.

ಇದಕ್ಕೆ ಬೀಗವಿಲ್ಲ. ದಾಟಿದವನು ಗಳುವನ್ನು ಮತ್ತೆ ಸರಿಸಿ ಹೋಗುತ್ತಾನೆ ಎಂಬ ನಂಬಿಕೆಯೇ ಅದರ ಬೀಗ. ಯಾರೋ ಒಬ್ಬರು ಮರೆತರೆ ಬೆಳಗಾಗುವಷ್ಟರಲ್ಲಿ ಸಸಿಮಡಿ ಹಾಳಾಗಿರುತ್ತದೆ. ಮಕ್ಕಳಿಗೆ ಉಣುಗೋಲು ಹಾಕಿ ಬಾ ಎಂದು ಹೇಳಿಕೊಡುವುದು ಮಲೆನಾಡಿನ ಮನೆಗಳಲ್ಲಿ ಮೊದಲ ಪಾಠಗಳಲ್ಲೊಂದಾಗಿತ್ತು. ಕಬ್ಬಿಣದ ಗೇಟು ಬಂದ ಮೇಲೆ ಗಳು ಸರಿಸುವ ಕೆಲಸ ತಪ್ಪಿತು, ಆ ಪಾಠದ ಅಗತ್ಯ ತಪ್ಪಲಿಲ್ಲ.

ಗಾಳಿ ಮತ್ತು ಮಣ್ಣಿಗೆ ಬೇಲಿ

ಬೇಲಿ ಪ್ರಾಣಿಗಳನ್ನು ಮಾತ್ರ ತಡೆಯುವುದಿಲ್ಲ. 1868ರಲ್ಲಿ ಕಾರವಾರದಲ್ಲಿ ನೆಟ್ಟ ಗಾಳಿಮರ ಮುಂದೆ ದೇಶದ ಕಡಲತೀರಗಳಿಗೆ ಹರಡಿತು. ಮರಳು ಹಾರುವುದನ್ನು, ಗಾಳಿಯ ರಭಸವನ್ನು ತಡೆಯುವ ಸಾಲು ಅದು. ಗಾಳಿತಡೆಯಲ್ಲಿ ಒಂದು ಸೂಕ್ಷ್ಮವಿದೆ. ಗಾಳಿಯನ್ನು ಪೂರ್ತಿ ತಡೆಯುವ ಗೋಡೆಯ ಹಿಂದೆ ಸುಳಿಗಾಳಿ ಎದ್ದು ಬೆಳೆಯನ್ನು ಮಲಗಿಸುತ್ತದೆ. ಅರ್ಧದಷ್ಟು ಗಾಳಿಯನ್ನು ಸೋಸಿ ಬಿಡುವ ಮರಸಾಲಿನ ಹಿಂದೆ, ಮರದ ಎತ್ತರದ ಹತ್ತು ಪಟ್ಟಿಗೂ ಹೆಚ್ಚು ದೂರ ಗಾಳಿ ತಗ್ಗಿರುತ್ತದೆ.

ನೀರಿಗೂ ಇದೇ ಮಾತು. ಗುಂಡ್ಲುಪೇಟೆ ಸೀಮೆಯ ರೈತರು ಹೊಲದ ಗಡಿಗೆ ಲಾವಂಚದ ಸಾಲು ನೆಡುತ್ತಾ ಬಂದಿದ್ದಾರೆ. ಒತ್ತಾದ ಬುಡ ನೀರನ್ನು ನಿಧಾನಿಸಿ ಬಿಡುತ್ತದೆ, ಹೂಳನ್ನು ಹಿಡಿಯುತ್ತದೆ. ಬೇರು ನೇರ ಕೆಳಗಿಳಿಯುವುದರಿಂದ ಬೆಳೆಯೊಂದಿಗೆ ಪೈಪೋಟಿ ಇಲ್ಲ. ವರ್ಷ ವರ್ಷವೂ ಮಣ್ಣು ಕೂಡಿ, ಇಳಿಜಾರಿನ ಹೊಲ ತಾನಾಗಿ ಮೆಟ್ಟಿಲಾಗುತ್ತದೆ.

ಕೋಟೆ, ಸುಂಕ, ಗಡಿ

ಯುದ್ಧಗಳಲ್ಲಿ ಮುಳ್ಳಿನ ಬೇಲಿ ಕೋಟೆಗೋಡೆಗೆ ಮುಂಚಿನ ರಕ್ಷೆ. 1791ರ ಮಾರ್ಚ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರು ಪೇಟೆಯ ಮೇಲೆ ಬಿದ್ದಾಗ ಪೇಟೆಯ ಸುತ್ತ ಕಂದಕವೂ ದಟ್ಟ ಮುಳ್ಳುಪೊದೆಯೂ ಇದ್ದವು. ಶ್ರೀರಂಗಪಟ್ಟಣದ ಹೊರವಲಯವನ್ನೂ ಬಿದಿರು, ಮುಳ್ಳುಗಿಡಗಳ ಬೇಲಿ ಸುತ್ತುವರಿದಿತ್ತು. 1792ರ ಫೆಬ್ರುವರಿ 6ರ ರಾತ್ರಿ ಕಂಪನಿಯ ಪಡೆಗಳು ದಾಳಿ ಮಾಡಿದ್ದು ಆ ಬೇಲಿಯನ್ನು ದಾಟಿ. ಕೊಡಗಿನಲ್ಲಿ ಬೆಟ್ಟಸಾಲುಗಳ ಮೇಲೆ ತೋಡಿದ ಹಳೆಯ ಯುದ್ಧಕಂದಕಗಳಿಗೆ ಕಡಂಗ ಎಂದು ಹೆಸರು. ಕಾಫಿ ತೋಟಗಳ ನಡುವೆ ಅವು ಈಗಲೂ ಕಾಣುತ್ತವೆ.

ಭಾರತ ಕಂಡ ಅತಿ ಉದ್ದದ ಹಸಿರುಬೇಲಿ ಉಪ್ಪಿನ ಮೇಲಿನ ಸುಂಕಕ್ಕಾಗಿ ಬೆಳೆದದ್ದು. ಉಪ್ಪು ಅಗ್ಗವಾಗಿದ್ದ ಪಶ್ಚಿಮದ ಸಂಸ್ಥಾನಗಳಿಂದ ಬ್ರಿಟಿಷ್ ಆಳ್ವಿಕೆಯ ಪ್ರದೇಶಕ್ಕೆ ಉಪ್ಪು ಕದ್ದು ಬಾರದಂತೆ ಉತ್ತರ ಭಾರತಕ್ಕೆ ಅಡ್ಡಲಾಗಿ ಸುಂಕದ ಗೆರೆ ಎಳೆದರು. ಮೊದಲು ಒಣಮುಳ್ಳು ಪೇರಿಸಿದರು. ಗೆದ್ದಲು, ಬೆಂಕಿ, ಬಿರುಗಾಳಿಗಳಿಗೆ ಅದು ನಿಲ್ಲಲಿಲ್ಲ. 1867ರಿಂದ 1870ರವರೆಗೆ ಸುಂಕದ ಕಮಿಷನರ್ ಆಗಿದ್ದ ಅಲನ್ ಆಕ್ಟೇವಿಯನ್ ಹ್ಯೂಮ್ ಹಸಿರುಬೇಲಿ ಬೆಳೆಸಲು ಒತ್ತುಕೊಟ್ಟ. ಮುಂದೆ ಕಾಂಗ್ರೆಸ್ ಸ್ಥಾಪನೆಯಲ್ಲಿ ಮುಂದಾಳಾದವನೂ ಇವನೇ. ಬೋರೆ, ಜಾಲಿ, ಕವಳೆ, ಪಾಪಾಸುಕಳ್ಳಿಗಳನ್ನು ಆಯಾ ಮಣ್ಣಿಗೆ ತಕ್ಕಂತೆ ನೆಟ್ಟರು. ಕೆಲವೆಡೆ ಅದು 12 ಅಡಿ ಎತ್ತರ ಬೆಳೆಯಿತು. ಸಾವಿರಾರು ಕಿಲೋಮೀಟರು ಉದ್ದದ ಈ ಗೆರೆಯನ್ನು ಹಗಲು ರಾತ್ರಿ 12,000ಕ್ಕೂ ಹೆಚ್ಚು ಜನ ಕಾಯುತ್ತಿದ್ದರು. ಬಡವರ ಗಂಜಿಯ ಉಪ್ಪಿಗೆ ಹಾಕಿದ ಬೇಲಿ ಅದು. 1879ರಲ್ಲಿ ಗೆರೆಯನ್ನು ಕೈಬಿಟ್ಟ ಮೇಲೆ ಜನ ಅದನ್ನು ಕಡಿದು ಉಳುಮೆ ಮಾಡಿದರು, ರಸ್ತೆ ಮಾಡಿದರು. ನೂರು ವರ್ಷಗಳಲ್ಲಿ ಅದು ನೆನಪಿನಿಂದಲೂ ಅಳಿಸಿಹೋಯಿತು. ಲೇಖಕ ರಾಯ್ ಮಾಕ್ಸಮ್ ಹುಡುಕಿ ಬರೆದ ಪುಸ್ತಕ 2001ರಲ್ಲಿ ಬಂದ ಮೇಲೆ ಮತ್ತೆ ಮಾತಿಗೆ ಬಂತು.

ಇಂಗ್ಲೆಂಡಿನಲ್ಲಿ ಬೇಲಿ ಕಾನೂನಿನ ರೂಪದಲ್ಲಿ ಬಂತು. 1604ರಿಂದ 1914ರವರೆಗೆ 5,200ಕ್ಕೂ ಹೆಚ್ಚು ಕಾಯಿದೆಗಳ ಮೂಲಕ 68 ಲಕ್ಷ ಎಕರೆಯಷ್ಟು ಸಾಮುದಾಯಿಕ ನೆಲಕ್ಕೆ ಆವರಣ ಬಿತ್ತು. ಹಸು ಮೇಯಿಸುವ, ಸೌದೆ ಆಯುವ ಹಕ್ಕು ಕಳೆದುಕೊಂಡವರು ಕೂಲಿಗೆ ಹೊರಟರು. ಆಸ್ಟ್ರೇಲಿಯದಲ್ಲಿ ಮೊಲಗಳನ್ನು ತಡೆಯಲು 1901ರಿಂದ 1907ರವರೆಗೆ ಮೂರು ಬೇಲಿಗಳನ್ನು ಹಾಕಿದರು, ಒಟ್ಟು ಉದ್ದ 3,200 ಕಿಲೋಮೀಟರಿಗೂ ಹೆಚ್ಚು. ಬೇಲಿ ಮುಗಿಯುವ ಮೊದಲೇ ಮೊಲಗಳು ಆಚೆ ತಲುಪಿದ್ದವು. ಕಾಡುನಾಯಿ ಡಿಂಗೊಗಳಿಂದ ಕುರಿಗಳನ್ನು ಕಾಯುವ ಅಲ್ಲಿನ ಇನ್ನೊಂದು ಬೇಲಿ ಸುಮಾರು 5,600 ಕಿಲೋಮೀಟರು ಉದ್ದವಿದ್ದು ಇಂದಿಗೂ ಬಳಕೆಯಲ್ಲಿದೆ.

ನೆಲದ ಗಡಿಯನ್ನು ತೋರಿಸಲು ಬೇಲಿಯೇ ಬೇಕೆಂದಿಲ್ಲ. ದಾನವಾಗಿ ಕೊಟ್ಟ ಭೂಮಿಯ ಮೂಲೆಗಳಲ್ಲಿ ಲಿಂಗಮುದ್ರೆ, ವಾಮನಮುದ್ರೆಯ ಕಲ್ಲು ನಿಲ್ಲಿಸುತ್ತಿದ್ದರು. ಮೋಜಣಿಯವರು ನೆಡುವ ಬಾಂದುಕಲ್ಲು ಇಂದಿನ ರೂಪ. ಬಾಂದು ಹಕ್ಕನ್ನು ಹೇಳುತ್ತದೆ, ಬೇಲಿ ಅನುಭೋಗವನ್ನು ಹೇಳುತ್ತದೆ. ಎರಡೂ ಒಂದೇ ಗೆರೆಯ ಮೇಲಿಲ್ಲದ ಕಡೆ ವ್ಯಾಜ್ಯ ಹುಟ್ಟುತ್ತದೆ.

ದನ ಮತ್ತು ದೊಡ್ಡಿ

ಬೆಳೆಯವನು ಬೇಲಿ ಹಾಕಿಕೊಳ್ಳಬೇಕೋ, ದನದವನು ದನ ಕಟ್ಟಿಕೊಳ್ಳಬೇಕೋ ಎಂಬುದು ಹಳೆಯ ತಕರಾರು. ಅಮೆರಿಕದ ಪಶ್ಚಿಮ ಭಾಗದಲ್ಲಿ ಬಹುಕಾಲ ಹೊಣೆ ಬೆಳೆಯವನದಾಗಿತ್ತು. ಭಾರತದಲ್ಲಿ 1871ರ ದನಗಳ ಅತಿಕ್ರಮ ಪ್ರವೇಶ ಕಾಯಿದೆ ಹೊಣೆಯನ್ನು ದನದವನ ಮೇಲೆ ಹೊರಿಸಿತು. ಕರ್ನಾಟಕಕ್ಕೆ 1966ರಲ್ಲಿ ತನ್ನದೇ ಕಾಯಿದೆ ಬಂತು. ಹೊಲ ಮೇಯ್ದ ದನವನ್ನು ದೊಡ್ಡಿಗೆ ಹೊಡೆದರೆ, ಒಡೆಯ ದಂಡ ಕಟ್ಟಿ ಬಿಡಿಸಿಕೊಳ್ಳಬೇಕು.

ಕುರಿಗಾರರ ಬೇಲಿ ಅವರೊಡನೆ ನಡೆಯುತ್ತದೆ. ಹಗಲು ಮೇಯ್ದ ಮಂದೆಯನ್ನು ರಾತ್ರಿ ಒಬ್ಬ ರೈತನ ಹೊಲದಲ್ಲಿ ನಿಲ್ಲಿಸಿ ಸುತ್ತ ಮುಳ್ಳು ಅಥವಾ ಬಲೆ ಕಟ್ಟುತ್ತಾರೆ. ಮರುದಿನ ಬಲೆಯನ್ನು ಪಕ್ಕಕ್ಕೆ ಸರಿಸುತ್ತಾರೆ. ಹಿಕ್ಕೆ, ಗಂಜಲ ಹೊಲದುದ್ದಕ್ಕೂ ಸಮನಾಗಿ ಬೀಳುತ್ತದೆ. ಅದಕ್ಕೆ ರೈತ ಕಾಳನ್ನೋ ಹಣವನ್ನೋ ಕೊಡುತ್ತಾನೆ.

ಕಾಡಂಚಿನ ಬೇಲಿ

ಬೇಲಿಯ ಎಲ್ಲ ತೊಡಕುಗಳೂ ಒಟ್ಟಿಗೆ ಕಾಣಿಸುವುದು ಕಾಡಂಚಿನ ಹಳ್ಳಿಗಳಲ್ಲಿ. ಹಂದಿಗೆ ಹೆದರಿ ಜೋಳ, ಕಡಲೆಕಾಯಿ ಹೊಲಗಳ ಸುತ್ತ ಹಳೆಯ ಸೀರೆಗಳನ್ನು ಕಟ್ಟುವುದು ಹಲವೆಡೆ ಇದೆ. ಗಾಳಿಗೆ ಬಡಿಯುವ ಬಟ್ಟೆ ಮತ್ತು ಮನುಷ್ಯರ ವಾಸನೆಗೆ ಹಂದಿ ಕೆಲದಿನ ಹಿಂದೆಗೆಯುತ್ತದೆ. ಒಂದು ಮನೆಯ ಹಬ್ಬ, ಮದುವೆ, ಬಾಣಂತನಗಳ ಬಣ್ಣಗಳೆಲ್ಲ ಆ ಬೇಲಿಯಲ್ಲಿ ಸಾಲಾಗಿ ನಿಂತಿರುತ್ತವೆ.

ಆನೆಗೆ ಸೀರೆ ಸಾಲದು. 2023ರ ಎಣಿಕೆಯಲ್ಲಿ ಕರ್ನಾಟಕದ ಆನೆಗಳ ಸಂಖ್ಯೆ 6,395. ದೇಶದಲ್ಲೇ ಅತಿ ಹೆಚ್ಚು. ಆನೆ ಕಂದಕವನ್ನು ಸಾಮಾನ್ಯವಾಗಿ 3 ಮೀಟರು ಅಗಲ, 3 ಮೀಟರು ಆಳಕ್ಕೆ ತೋಡುತ್ತಾರೆ. ಮಳೆಗೆ ಅಂಚು ಕುಸಿದ ಕಡೆ ಆನೆ ಕಾಲಿನಿಂದ ಮಣ್ಣು ತಳ್ಳಿ ದಾರಿ ಮಾಡಿಕೊಳ್ಳುತ್ತದೆ. ಸೌರಬೇಲಿಯ ಯಂತ್ರ ಸುಮಾರು ಸೆಕೆಂಡಿಗೊಮ್ಮೆ, ಕ್ಷಣದ ಸಣ್ಣ ಅಂಶದಷ್ಟು ಹೊತ್ತು ಹಲವು ಸಾವಿರ ವೋಲ್ಟಿನ ತುಡಿತವನ್ನು ತಂತಿಗೆ ಕಳಿಸುತ್ತದೆ. ಮುಟ್ಟಿದರೆ ಜೋರಾಗಿ ಚುರುಕು ಮುಟ್ಟುತ್ತದೆ, ಕೊಲ್ಲುವುದಿಲ್ಲ. ಹುಲ್ಲು ತಂತಿಗೆ ತಾಗಿದರೆ ತುಡಿತ ಸೋರಿಹೋಗುತ್ತದೆ, ಆದ್ದರಿಂದ ಬುಡ ಸವರುತ್ತಲೇ ಇರಬೇಕು. ಆನೆಗಳೂ ಕಲಿಯುತ್ತವೆ. ದಂತಕ್ಕೆ ವಿದ್ಯುತ್ ತಾಗದೆಂದು ಕಂಡುಕೊಂಡ ಸಲಗಗಳು ದಂತದಿಂದ ತಂತಿ ಕಿತ್ತದ್ದುಂಟು, ಮರ ಕೆಡವಿ ಬೇಲಿ ಮಲಗಿಸಿದ್ದುಂಟು. ಮನೆಯ ಲೈನಿನಿಂದ ನೇರವಾಗಿ ತಂತಿಗೆ ವಿದ್ಯುತ್ ಕೊಡುವುದು ಬೇಲಿಯಲ್ಲ, ಕೊಲೆಯ ಬಲೆ. ಅದರಲ್ಲಿ ಆನೆಗಳೂ ಸತ್ತಿವೆ, ಕಟ್ಟಿದ ರೈತರೂ ಸತ್ತಿದ್ದಾರೆ. ಕಾನೂನಿನಲ್ಲಿ ಅದು ಅಪರಾಧ.

ನಾಗರಹೊಳೆ, ಬಂಡೀಪುರಗಳ ಅಂಚಿನಲ್ಲಿ ಹಳೆಯ ರೈಲುಹಳಿಗಳ ಬೇಲಿ ಹಾಕಿದ್ದಾರೆ. ಸದ್ಯಕ್ಕೆ ಇರುವುದರಲ್ಲಿ ಅದೇ ಗಟ್ಟಿ. 2018ರ ಡಿಸೆಂಬರ್‌ನಲ್ಲಿ ನಾಗರಹೊಳೆಯ ವೀರನಹೊಸಹಳ್ಳಿ ವಲಯದಲ್ಲಿ ಅದನ್ನು ಹತ್ತಿ ದಾಟಲು ಹೋದ ಗಂಡಾನೆಯೊಂದು ಹಳಿಯ ಮೇಲೆಯೇ ಸಿಲುಕಿ ಸತ್ತಿತು. ಜೇನಿಗೆ ಆನೆ ಹೆದರುತ್ತದೆಂಬ ತಿಳಿವಳಿಕೆಯಿಂದ, 2021ರ ಮಾರ್ಚ್ 15ರಂದು ಕೊಡಗಿನ ಚೇಲೂರು ಗ್ರಾಮದ ಸುತ್ತ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಜೇನುಪೆಟ್ಟಿಗೆಗಳ ಬೇಲಿ ಆರಂಭಿಸಿತು. ಪೆಟ್ಟಿಗೆಗಳನ್ನು ತಂತಿಯಿಂದ ಜೋಡಿಸಿರುತ್ತಾರೆ. ಆನೆ ತಂತಿ ಎಳೆದರೆ ಜೇನು ಏಳುತ್ತದೆ.

ನುಡಿಯಲ್ಲಿ ಬೇಲಿ

ಬೇಲಿ ಕನ್ನಡದ ಗಾದೆಗಳಲ್ಲಿ ನೆಲೆಯೂರಿದೆ. ಕಾಯಬೇಕಾದವರೇ ಕದ್ದಾಗ ‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಎನ್ನುತ್ತೇವೆ. 12ನೆಯ ಶತಮಾನದ ಬಸವಣ್ಣನವರ ವಚನವೊಂದರಲ್ಲೂ ಈ ಚಿತ್ರ ಬರುತ್ತದೆ. ಒಬ್ಬರಿಗೊಬ್ಬರು ಸುಳ್ಳುಸಾಕ್ಷಿಯಾದವರನ್ನು ಕಂಡು ‘ಓತಿಕ್ಯಾತಕ್ಕೆ ಬೇಲಿ ಸಾಕ್ಷಿ’ ಎಂದವರು, ಬೇಲಿಯ ಮೇಲೆ ತಲೆಯಾಡಿಸುತ್ತಾ ಕೂತ ಆ ಪ್ರಾಣಿಯನ್ನು ದಿನವೂ ಕಂಡವರೇ ಇರಬೇಕು. ಈ ಗಾದೆಗಳಲ್ಲಿ ಬೇಲಿಗೆ ನಡತೆಯುಂಟು. ಅದು ನಂಬಿಕೆ ಉಳಿಸಬಲ್ಲದು, ದ್ರೋಹ ಮಾಡಬಲ್ಲದು.

ಬೇಲಿ ಮತ್ತು ಹಾದಿ

ಉಪ್ಪಿನ ಸುಂಕದ ಬೇಲಿ ತಡೆಯುವುದನ್ನೇ ಕೆಲಸ ಮಾಡಿಕೊಂಡಿತ್ತು, ಅಳಿಯಿತು. ಸುಗ್ಗಿಯ ನಂತರ ಸಡಿಲುವ ಮುಳ್ಳುಬೇಲಿ ಶತಮಾನಗಳಿಂದ ಇದೆ. ಗಾಳಿ ಬಿಡುವ ಮರಸಾಲು, ನೀರು ಬಿಡುವ ಲಾವಂಚ, ಆಳು ಬಿಡುವ ತಡಬೆಗಳೂ ಇವೆ. ಆನೆಯ ವಿಷಯದಲ್ಲೂ ಈ ತಿಳಿವಳಿಕೆ ಮೆಲ್ಲಗೆ ಬರುತ್ತಿದೆ. ಚಾಮರಾಜನಗರ ಜಿಲ್ಲೆಯಲ್ಲಿ ಬಿಳಿಗಿರಿರಂಗನ ಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟದ ಕಡೆಗೆ ಆನೆಗಳು ಹಾಯುವ ಎಡಯಾರಹಳ್ಳಿ–ದೊಡ್ಡಸಂಪಿಗೆ ಹಾದಿಯಲ್ಲಿ, ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ರೈತರಿಂದ ಸುಮಾರು 25 ಎಕರೆ ಜಮೀನು ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿತು. ಆ ನೆಲದಲ್ಲಿ ಈಗ ಬೇಲಿಯಿಲ್ಲ. ಸುತ್ತಲಿನ ಹೊಲಗಳ ಬೇಲಿ ನಿಲ್ಲಬೇಕಾದರೆ ಈ ಬೇಲಿಯಿಲ್ಲದ ತುಂಡು ಇರಲೇಬೇಕು. ನಮ್ಮ ಹಿರಿಯರು ಮನುಷ್ಯನಿಗೆ ಕಟ್ಟಿಕೊಟ್ಟ ತಡಬೆಯೇ ಅಲ್ಲಿ ಆನೆಯ ಅಳತೆಗೆ ಬೆಳೆದು ನಿಂತಿದೆ.